ಉತ್ತರ ಕನ್ನಡದ ಮಳೆ ಮುನ್ಸೂಚನೆ: ಕರಾವಳಿಯವ್ರೂ ಘಟ್ಟದವ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಮೇ ಕೊನೆ ವಾರ ಬಂತು ಅಂದ್ರೆ ನಂಗೆ ಫೋನ್ ಶುರು. ಬೆಂಗ್ಳೂರಲ್ಲಿರೋ ತಮ್ಮ, ಶಿರಸಿ ಕಡೆ ಭಾವ, ಗೋಕರ್ಣದಲ್ಲಿ ರೂಮ್ ಬುಕ್ ಮಾಡ್ಕೊಂಡು ಆಮೇಲೆ ಮಳೆ ಉಂಟಾ ಅಂತ ಕೇಳೋ ಹುಬ್ಬಳ್ಳಿ ದೋಸ್ತರು, ಎಲ್ರದ್ದೂ ಅದೇ ಪ್ರಶ್ನೆಗಳು. ನಾನೇನು ಹವಾಮಾನ ಇಲಾಖೆಯವ ಅಲ್ಲ. ಕುಮಟಾ ತಾಲೂಕಲ್ಲಿ ಘಟ್ಟದ ಬುಡಕ್ಕೆ ಮನೆ, ಅಂಗಳದ ಮೂಲೇಲಿ ಒಂದು ಮಳೆಮಾಪಕ, ಹದಿನೈದು ವರ್ಷದ ಡೈರಿ, ಬಂಡವಾಳ ಇಷ್ಟೇ. ಪ್ರತಿ ಸಲ ವಾಟ್ಸಾಪಲ್ಲಿ ಅದನ್ನೇ ಟೈಪ್ ಮಾಡಿ ಬೆರಳು ಸವೆದು ಹೋಯ್ತು, ಅದಕ್ಕೆ ಒಂದೇ ಕಡೆ ಬರೆದು ಇಟ್ಟಿದೀನಿ.

ಜಿಲ್ಲೆಗೆ ರೆಡ್ ಅಲರ್ಟ್ ಅಂತಾರೆ, ಹಳಿಯಾಳದಲ್ಲಿ ಬಟ್ಟೆ ಒಣಗ್ತಾ ಉಂಟು. ಇದೆಂಥ ಮುನ್ಸೂಚನೆ?

ಮುನ್ಸೂಚನೆ ಸುಳ್ಳಲ್ಲ, ಜಿಲ್ಲೆನೇ ವಿಚಿತ್ರ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಈ ಐದು ಸಮುದ್ರಕ್ಕೆ ತಾಗಿಕೊಂಡವು, ಹೆಚ್ಚುಕಮ್ಮಿ 140 ಕಿಮೀ ಕಡಲ ದಂಡೆ. ಅಲ್ಲಿಂದ ಒಳಗೆ ಸ್ವಲ್ಪ ದೂರ ಹೋದ್ರೆ ಸಹ್ಯಾದ್ರಿ ಗೋಡೆ ಥರ ಎದ್ದು ನಿಂತಿದೆ. ಶಿರಸಿ ಪೇಟೆನೇ ಸುಮಾರು 600 ಮೀಟರ್ ಎತ್ತರದಲ್ಲಿ ಉಂಟು. ಪಡುವಣದಿಂದ ಬರೋ ಗಾಳಿ ಸಮುದ್ರದ ನೀರಿನ ಪಸೆ ಎಲ್ಲ ಹೊತ್ಕೊಂಡು ಬಂದು ಈ ಗೋಡೆಗೆ ಬಡೀತದೆ, ಮೇಲೆ ಹತ್ತಲೇ ಬೇಕು, ಹತ್ತಿದ ಹಾಗೆ ತಣ್ಣಗಾಗ್ತದೆ, ತಣ್ಣಗಾದ್ರೆ ಹೊತ್ತಿದ್ದನ್ನ ಅಲ್ಲೇ ಸುರೀತದೆ. ಹಂಗಾಗಿ ಕರಾವಳೀಲಿ ವರ್ಷಕ್ಕೆ 3000 ಮಿಮೀ ದಾಟ್ತದೆ, ಘಟ್ಟದ ನೆತ್ತಿ ಮೇಲಿರೋ ಜೋಯಿಡಾದ ಕ್ಯಾಸಲ್‌ರಾಕ್, ಸಿದ್ದಾಪುರದ ನಿಲ್ಕುಂದ ಇಂಥ ಕಡೆ ಅದಕ್ಕಿಂತ್ಲೂ ತುಂಬಾ ಜಾಸ್ತಿ. ಗೋಡೆ ದಾಟಿ ಮುಂಡಗೋಡ, ಹಳಿಯಾಳಕ್ಕೆ ಹೋಗೋದ್ರೊಳಗೆ ಮೋಡದ ಚೀಲ ಅರ್ಧ ಖಾಲಿ, ಅಲ್ಲಿಗೆ ಸಿಗೋದು ಸಾವಿರದ ಚಿಲ್ಲರೆ ಮಿಮೀ ಮಾತ್ರ.

ಒಂದೇ ಡಿಸಿ ಆಫೀಸಿಗೆ ಗದ್ದೆ ಮುಳುಗ್ತು ಅಂತ ಒಬ್ರ ಅರ್ಜಿ, ಕೆರೆ ತುಂಬ್ಲಿಲ್ಲ ಅಂತ ಇನ್ನೊಬ್ರ ಅರ್ಜಿ, ಎರಡೂ ಅದೇ ಜುಲೈನಲ್ಲಿ. ಆದ್ರೆ ನಕ್ಷೆಯಲ್ಲಿ ಜಿಲ್ಲೆಗೆ ಬಳಿಯೋದು ಒಂದೇ ಬಣ್ಣ. ಅದಕ್ಕೇ ಅಲರ್ಟ್ ಬಂದಾಗ ನಾನು ಮೊದ್ಲು ನೋಡೋದು ಬಣ್ಣ ಅಲ್ಲ. ಇದು ಕರಾವಳಿಗೆ ಹೇಳಿದ್ದಾ, ಘಟ್ಟಕ್ಕೆ ಹೇಳಿದ್ದಾ, ನಮ್ಮ ಹೊಳೆ ಹುಟ್ಟೋ ಕಡೆಗೆ ಹೇಳಿದ್ದಾ, ಈ ಮೂರು.

ಹಳದಿ, ಕಿತ್ತಳೆ, ಕೆಂಪು ಅಂದ್ರೆ ಎಷ್ಟೆಷ್ಟು ಮಳೆ?

ಹವಾಮಾನ ಇಲಾಖೆ ಲೆಕ್ಕದಲ್ಲಿ 24 ತಾಸಿಗೆ 64.5 ಮಿಮೀ ದಾಟಿದ್ರೆ ಭಾರೀ ಮಳೆ, 115.6 ದಾಟಿದ್ರೆ ಅತಿ ಭಾರೀ, 204.5 ಮುಟ್ಟಿದ್ರೆ ಅತ್ಯಂತ ಭಾರೀ. ಟಿವಿಯಲ್ಲಿ ಇದನ್ನೇ ಸೆಂಟಿಮೀಟರಲ್ಲಿ 7, 12, 21 ಅಂತ ಓದ್ತಾರೆ. ಬಣ್ಣ ಮಾತ್ರ ಮಳೆ ಅಳತೆ ಅಲ್ಲ, ಅದು ನಾವು ಏನ್ ಮಾಡ್ಬೇಕು ಅನ್ನೋದ್ರ ಗುರುತು. ಹಳದಿ ಅಂದ್ರೆ ಸುದ್ದಿ ಮೇಲೆ ಕಣ್ಣಿಡಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಇನ್ನು ಯೋಚನೆ ಸಾಕು, ಮಾಡೋದನ್ನ ಮಾಡಿ.

ಇನ್ನೊಂದು ಗೊಂದಲ, 24 ತಾಸು ಅಂದ್ರೆ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30. ಸೋಮವಾರ ರಾತ್ರಿ ಹೊಡೆದ ಮಳೆ ಮಂಗಳವಾರದ ಲೆಕ್ಕಕ್ಕೆ ಹೋಗ್ತದೆ, ಆಮೇಲೆ ಜನ ಮಂಗಳವಾರ ಬಿಸ್ಲಿತ್ತು ಮಾರಾಯ ಇವರೇನು ಬರೀತಾರೆ ಅಂತ ಜಗಳ ತೆಗೀತಾರೆ.

ಮಿಮೀ ಅಂದ್ರೆ ತಲೆಗೆ ಹೋಗಲ್ಲ ಅನ್ನೋರಿಗೆ: 1 ಮಿಮೀ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. 100 ಮಿಮೀ ಬಿದ್ರೆ ಒಂದು ಎಕರೆ ತೋಟಕ್ಕೆ 4 ಲಕ್ಷ ಲೀಟರ್, ಅಂದ್ರೆ 10 ಸಾವಿರ ಲೀಟರಿನ ಟ್ಯಾಂಕರ್ 40 ತಂದು ಸುರಿದ ಹಾಗೆ. ಅದು ದಿನವಿಡೀ ಜಿನುಗಿ ಬಂದ್ರೆ ತೋಟದ ಕಾದಿಗೆ (ನೀರು ಹರಿದು ಹೋಗೋ ಕಾಲುವೆ) ಎಳ್ಕೊಂಡು ಹೋಗ್ತದೆ, ಎರಡೇ ತಾಸಲ್ಲಿ ಬಂದ್ರೆ ಕಾದಿಗೆನೇ ಕಿತ್ಕೊಂಡು ಹೋಗ್ತದೆ. ಮುನ್ಸೂಚನೆಯಲ್ಲಿ ಒಟ್ಟು ಎಷ್ಟು ಅಂತ ಇರ್ತದೆ, ಎಷ್ಟು ಹೊತ್ತಲ್ಲಿ ಅಂತ ಇರೋದಿಲ್ಲ, ನಂಗೆ ಇರೋ ದೊಡ್ಡ ತಕರಾರು ಅದೊಂದೇ.

'ಅಲ್ಲಲ್ಲಿ' ಅಂದ್ರೆ ನಮ್ಮೂರು ಸೇರ್ತದಾ?

ಸೇರಿದ್ರೂ ಸೇರ್ಬಹುದು. ಅಲ್ಲಲ್ಲಿ ಅಂದ್ರೆ ನೂರು ಮಳೆ ಕೇಂದ್ರ ಇದ್ರೆ 25ರೊಳಗೆ ಮಳೆ ಅಂತ, ಬಹುತೇಕ ಎಲ್ಲ ಕಡೆ ಅಂದ್ರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಡೆ. ಎಷ್ಟು ಜೋರು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. 'ಅಲ್ಲಲ್ಲಿ ಅತಿ ಭಾರೀ' ಅಂತ ಬಂದ್ರೆ ನಾನು ಟಾರ್ಚು ಚಾರ್ಜಿಗೆ ಹಾಕ್ತೇನೆ.

ಮಳೆಗಾಲ ನಿಜವಾಗಿ ಯಾವಾಗ ಶುರು?

ಕೇರಳಕ್ಕೆ ವಾಡಿಕೆ ಪ್ರಕಾರ ಜೂನ್ 1, ನಮ್ಮ ಕರಾವಳಿಗೆ ಜೂನ್ ಮೊದಲ ವಾರದ ಆಸುಪಾಸು. 2025ರಲ್ಲಿ ಮೇ 24ಕ್ಕೇ ಕೇರಳ ಮುಟ್ಟಿ ಅವತ್ತೇ ಕರ್ನಾಟಕಕ್ಕೂ ಬಂದು ಮೇ 26ಕ್ಕೆ ಮುಂಬೈ ಸೇರಿತ್ತು. ನಮ್ಮನೇಲಿ ಕಟ್ಟಿಗೆ ಅರ್ಧ ಹೊರಗೇ ಇತ್ತು, ಕೊಟ್ಟಿಗೆಗೆ ದರಕು ತುಂಬಿರ್ಲಿಲ್ಲ, ಹಂಚು ಕೈಯಾಡ್ಸೋದು ಬಾಕಿ, ಮಾವಿನ ಹಪ್ಪಳ ಚಾಪೆ ಮೇಲೇ ಇದ್ವು. ಅಮ್ಮ ಇವತ್ತಿಗೂ ಆ ಹಪ್ಪಳದ ವಿಷ್ಯ ತೆಗೀತಾಳೆ.

ಮುಂಗಾರಿಗಿಂತ ಮೊದ್ಲು ಬರೋ ಅಡ್ಡಮಳೆಗೂ ನಿಜವಾದ ಮಳೆಗಾಲಕ್ಕೂ ವ್ಯತ್ಯಾಸ ಆಕಾಶ ನೋಡಿದ್ರೇ ಗೊತ್ತಾಗ್ತದೆ. ಏಪ್ರಿಲ್ ಮೇ ಮಳೆ ಸಂಜೆ ಹೊತ್ತಿಗೆ, ಮೂಡಣ ಅಂದ್ರೆ ಘಟ್ಟದ ಕಡೆಯಿಂದ, ಗುಡುಗು ಸಿಡಿಲು ಎಲ್ಲ ದಿಬ್ಬಣ ಕಟ್ಕೊಂಡು ಬರ್ತದೆ, ಒಂದು ತಾಸು ಕುಣಿದು ಹೋಗ್ತದೆ. ಮಳೆಗಾಲದ್ದು ಪಡುವಣದಿಂದ, ಹೆಚ್ಚು ಗುಡುಗಿಲ್ಲದೆ, ಗಾಳಿ ಬಿಡದೆ, ರಾತ್ರಿ ಹಗಲು ಅನ್ನದೆ. ಗುಡುಗು ನಿಂತು ಕಡಲಿನ ಮೊರೆತ ನಮ್ಮ ಮನೆ ತನಕ ಕೇಳೋಕೆ ಶುರುವಾದ್ರೆ ಛತ್ರಿ ರಿಪೇರಿಗೆ ಕೊಟ್ಟು ಬನ್ನಿ.

ನಕ್ಷತ್ರದ ಮಳೆ ಲೆಕ್ಕ ನಂಬಬಹುದಾ?

ಅಜ್ಜಿಗೆ ಮಿರಗ, ಅಂದ್ರೆ ಮೃಗಶಿರ, ಹುಟ್ಟಿದ್ಮೇಲೇ ಮಳೆಗಾಲ. ಈ ನಕ್ಷತ್ರಗಳು ಸೂರ್ಯನ ಲೆಕ್ಕದವು, ಹಂಗಾಗಿ ತಾರೀಕು ಹೆಚ್ಚು ಅಲ್ಲಾಡೋದಿಲ್ಲ, ಮೃಗಶಿರ ಜೂನ್ 8ರ ಆಸುಪಾಸು, ಆರಿದ್ರಾ ಜೂನ್ 22, ಪುಷ್ಯ ಜುಲೈ 20, ಮಘೆ ಆಗಸ್ಟ್ 17, ಹೀಗೆ ಒಂದೊಂದಕ್ಕೆ 13-14 ದಿನ. ಅಂದ್ರೆ ಇದು ಕ್ಯಾಲೆಂಡರ್, ಈ ವರ್ಷ ಏನಾಗ್ತದೆ ಅಂತ ಹೇಳೋ ಶಕ್ತಿ ಇದಕ್ಕಿಲ್ಲ, ಸಾಮಾನ್ಯವಾಗಿ ಏನಾಗ್ತದೆ ಅಂತ ಹೇಳ್ತದೆ. ಆ ಮಟ್ಟಿಗೆ ನಂಬಿ. ನನ್ನ ಡೈರೀಲೂ ಆರಿದ್ರೆಯಿಂದ ಪುಷ್ಯದ ತನಕನೇ ದಪ್ಪ ದಪ್ಪ ಸಂಖ್ಯೆಗಳು. ಆದ್ರೆ ಪಂಚಾಂಗದಲ್ಲಿ ಆ ನಕ್ಷತ್ರದ ವಾಹನ ಕುದುರೆಯಾ ಕಪ್ಪೆಯಾ ಅಂತ ನೋಡಿ ಗದ್ದೆ ಕೆಲ್ಸ ನಿಗದಿ ಮಾಡೋರಿಗೆ ನನ್ನ ಹತ್ರ ಉತ್ತರ ಇಲ್ಲ.

ನಾಲ್ಕು ದಿನ ಹುಚ್ಚು ಮಳೆ, ಆಮೇಲೆ ಒಂದು ವಾರ ಹೊಳವು. ಯಾಕೆ ಹೀಗೆ?

ಸುದ್ದೀಲಿ ಎರಡು ಮಾತು ಹುಡುಕಿ. ಒಂದು, ಗುಜರಾತಿಂದ ಕೇರಳದ ತನಕ ಕರಾವಳಿಗೆ ಸಮಾನಾಂತರವಾಗಿ 'ವಾಯುಭಾರ ಕುಸಿತದ ದ್ರೋಣಿ', ಅಂದ್ರೆ ಗಾಳಿ ಒತ್ತಡ ಕಮ್ಮಿ ಇರೋ ಉದ್ದನೆ ಪಟ್ಟಿ. ಇನ್ನೊಂದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಕೊಲ್ಲಿ ಆ ಕಡೆ ಇದ್ದು ಮಳೆ ಈ ಕಡೆ ಯಾಕೆ ಅಂತ ಭಾವ ಪ್ರತಿ ವರ್ಷ ಕೇಳ್ತಾರೆ. ಅಲ್ಲಿ ಕುಸಿತ ಆದ್ರೆ ಅದು ಅರಬ್ಬೀ ಸಮುದ್ರದ ಗಾಳಿನ ಜೋರಾಗಿ ಎಳ್ಕೊಳ್ತದೆ, ಆ ಗಾಳಿ ಹಾದು ಹೋಗೋ ದಾರೀಲಿ ನಮ್ಮ ಘಟ್ಟ ಅಡ್ಡ ನಿಂತಿದೆ, ಅಷ್ಟೇ. ಎರಡೂ ಒಟ್ಟಿಗೆ ಬಂದ ವಾರ ನಮ್ಮ ಕಥೆ ಮುಗೀತು. ಉತ್ತರ ಭಾರತದ ಮುಂಗಾರು ದ್ರೋಣಿ ಹಿಮಾಲಯದ ಬುಡಕ್ಕೆ ಸರಿದ್ರೆ ಅಲ್ಲಿ ಮಳೆ, ನಮಗೆ ಹೊಳವು.

ನಮ್ಮೂರಲ್ಲಿ ಮಳೆನೇ ಇಲ್ಲ, ಹೊಳೆ ಯಾಕೆ ಏರ್ತಾ ಉಂಟು?

ಈ ಪುಟದಲ್ಲಿ ಒಂದೇ ಉತ್ತರ ಓದೋದಾದ್ರೆ ಇದನ್ನ ಓದಿ.

ಒಂದು ಜುಲೈ ಮಧ್ಯಾಹ್ನ, ನಮ್ಮ ಅಂಗಳದ ಮಾಪಕದಲ್ಲಿ 9 ಮಿಮೀ, ಬಿಸ್ಲು ಬೇರೆ ಇಣುಕ್ತಾ ಇತ್ತು. ಭಾವ ಫೋನ್ ಮಾಡಿ ಇಲ್ಲಿ ಬೆಳಿಗ್ಗೆಯಿಂದ ಮಾತು ಕೇಳದಷ್ಟು ಹೊಡೀತಾ ಉಂಟು ಅಂದ್ರು. ನಾನು ಹೂಂ ಹೂಂ ಅಂದು ಊಟ ಮಾಡಿ ಮಲಗಿದೆ. ಸಂಜೆ ಚಾ ಹೊತ್ತಿಗೆ ಎದ್ದು ನೋಡಿದ್ರೆ ತೋಟದ ಕೆಳಗಿನ ತುದೀಲಿ ನೀರು, ಬಣ್ಣ ಕೆಂಪು ಚಾದ್ದು, ಮೇಲೆ ಅಡಿಕೆ ಸೋಗೆ, ಯಾರದ್ದೋ ಪ್ಲಾಸ್ಟಿಕ್ ಕೊಡ, ಒಂದು ಚಪ್ಪಲಿ ತೇಲ್ಕೊಂಡು ಬರ್ತಾ ಇದ್ವು. ಪಂಪ್‌ಸೆಟ್ ಮೋಟರ್ ಮೇಲೆ ಎತ್ತಿಡೋಕೆ ಟೈಮ್ ಸಿಗ್ಲಿಲ್ಲ. ಆ ಮೋಟರಿನ ವೈಂಡಿಂಗ್ ಬಿಲ್ ಕಟ್ಟಿದ ಮೇಲೆ ನಾನು ನನ್ನ ಅಂಗಳದ ಮಳೆ ನೋಡೋದು ಬಿಟ್ಟು ಭಾವನ ಅಂಗಳದ ಮಳೆ ನೋಡೋಕೆ ಕಲ್ತೆ.

ಹೊಳೆ ಹೊಳೆಗೂ ಬೇರೆ ಲೆಕ್ಕ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಶಿರಸಿ ಸಿದ್ದಾಪುರದ ಮಳೆ ಅದರ ಪಾಡಿಗೆ ಉಂಚಳ್ಳಿಯಲ್ಲಿ ಧುಮುಕಿ ಕುಮಟಾಕ್ಕೆ ಇಳೀತದೆ, ನೀರು ಬಿಡ್ತೇವೆ ಅಂತ ಸೈರನ್ ಹಾಕೋರು ಯಾರೂ ಇಲ್ಲ. ಅದಕ್ಕೆ ಸೇರೋ ಚಂಡಿಕಾ ಹೊಳೆ ಏರಿದ್ರೆ ಕತಗಾಲದ ಹತ್ರ ಕುಮಟಾ-ಶಿರಸಿ ರಸ್ತೆನೇ ಬಂದ್. ಗಂಗಾವಳಿ ಹುಟ್ಟೋದು ಧಾರವಾಡದ ಕಡೆ, ಅಲ್ಲಿ ಅದಕ್ಕೆ ಶಾಲ್ಮಲಾ, ನಡುವೆ ಬೇಡ್ತಿ ಅಂತ ಹೆಸ್ರು. ಹಂಗಾಗಿ ಅಂಕೋಲಾದವ್ರು ಹುಬ್ಬಳ್ಳಿ, ಕಲಘಟಗಿ ಮಳೆ ನೋಡ್ಬೇಕು. 2019ರ ಆಗಸ್ಟ್, 2021ರ ಜುಲೈ ಎರಡರಲ್ಲೂ ಹೊಳೆ ದಂಡೆಯವ್ರು ಅದನ್ನ ಅನುಭವಿಸಿದಾರೆ. ಕಾಳಿಗೆ ಮೇಲಿಂದ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಕೊನೇದು ಕದ್ರಾ, ಅದರ ಗೇಟ್ ಎಷ್ಟು ತೆಗೆದ್ರು ಅನ್ನೋದೇ ಕೆಳಗಿನ ಊರುಗಳಿಗೆ ಮುನ್ಸೂಚನೆ. ಶರಾವತಿಯವ್ರಿಗೆ ಲಿಂಗನಮಕ್ಕಿ, ಪೂರ್ಣ ಮಟ್ಟ 1819 ಅಡಿ. ಅದು ತುಂಬೋದು ಸಾಮಾನ್ಯವಾಗಿ ಆಗಸ್ಟ್ ಮೇಲೆ, ಹಾಗಾಗಿ ಹೊನ್ನಾವರದವ್ರ ಎದೆಬಡಿತ ತಡವಾಗಿ ಶುರುವಾಗ್ತದೆ.

ಇದರ ಮೇಲೆ ಭರತ. ಹುಣ್ಣಿಮೆ ಅಮಾವಾಸ್ಯೆ ಹತ್ರ ಕಡಲು ಉಬ್ಬಿ ನಿಂತಾಗ ಹೊಳೆ ನೀರಿಗೆ ಹೊರಗೆ ಹೋಗೋಕೆ ಬಾಗಿಲೇ ಇರೋದಿಲ್ಲ, ಹಿಂದೆ ಹಿಂದೆ ಸರಿದು ಗಜನಿ ಗದ್ದೆಗೆ (ಹೊಳೆ ಬಾಯಿ ಹತ್ರದ ಉಪ್ಪುನೀರಿನ ಗದ್ದೆ), ಆಮೇಲೆ ಮನೆಗೆ. ಮೇಲೆ ಘಟ್ಟದಲ್ಲಿ ಕೆಂಪು, ಕೆಳಗೆ ಅಮಾವಾಸ್ಯೆ, ಎರಡೂ ಸೇರಿದ ದಿನ ನಾನು ದನಗಳನ್ನ ಮೇಲಿನ ಮನೆಗೆ ಹೊಡ್ಕೊಂಡು ಹೋಗ್ತೇನೆ. ಐದು ಸಲ ಸುಮ್ನೆ ಹೊಡ್ಕೊಂಡು ಹೋದ ಹಾಗಾಯ್ತು. ಆರನೇ ಸಲ ಸುಮ್ನೆ ಆಗ್ಲಿಲ್ಲ.

ಗುಡ್ಡ ಕುಸಿಯೋದನ್ನ ಮೊದ್ಲೇ ಹೇಳೋಕೆ ಆಗ್ತದಾ?

ಇಂಥ ಗುಡ್ಡ ಇಂಥ ತಾಸಿಗೆ ಅಂತ ಯಾರೂ ಹೇಳೋದಿಲ್ಲ. ಆದ್ರೆ ಒಂದು ದಿನದ ಮಳೆಗಿಂತ ಹಿಂದಿನ ಏಳೆಂಟು ದಿನದ ಒಟ್ಟು ಮಳೆ ಮುಖ್ಯ. ಮಣ್ಣು ಮೊದ್ಲೇ ಕುಡಿದು ಕುಡಿದು ಭಾರ ಆಗಿರ್ತದೆ, ಕೊನೇ ದಿನದ ಮಳೆ ಬರೀ ನೆಪ. ಅದರ ಮೇಲೆ ಮನೆಗೋ ರಸ್ತೆಗೋ ಅಂತ ಧರೆಯ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಕಾಲನ್ನ ನೇರ ಕಡಿದು ಬಿಟ್ಟಿದ್ರೆ ಕೇಳೋದೇ ಬೇಡ. 2009ರ ಅಕ್ಟೋಬರದಲ್ಲಿ ಕಾರವಾರದ ಕಡವಾಡದಲ್ಲಿ 19 ಜನ ಹೋದ್ರು. 2021ರಲ್ಲಿ ಯಲ್ಲಾಪುರದ ಕಳಚೆ ಊರಿಗೆ ಊರೇ ಜಾರ್ತು. 2022ರ ಆಗಸ್ಟಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ಕು ಜನ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಹೆದ್ದಾರಿ ಪಕ್ಕದ ಗುಡ್ಡ ಬಂದು ಚಾ ಅಂಗಡಿ, ಲಾರಿ ಎಲ್ಲ ಗಂಗಾವಳಿಗೆ ತಳ್ತು, ಒಂದು ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ.

ಮನೆ ಹಿಂದೆ ಧರೆ ಇರೋರು ನೋಡ್ಬೇಕಾದ್ದು: ಮೇಲೆ ನೆಲದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕರೆಂಟ್ ಕಂಬ ವಾಲೋದು, ತಿಳಿ ನೀರಿನ ಒರತೆ ಇದ್ದಕ್ಕಿದ್ದ ಹಾಗೆ ಕೆಸರಾಗೋದು ಇಲ್ಲಾ ನಿಂತೇ ಹೋಗೋದು, ಬಾಗಿಲು ಚೌಕಟ್ಟಿಗೆ ಕೂರದೇ ಇರೋದು. ಇದರಲ್ಲಿ ಯಾವ್ದಾದ್ರೂ ಒಂದು ಕಂಡ್ರೂ ಆ ರಾತ್ರಿ ಅಲ್ಲಿ ಮಲಗೋದು ಬೇಡ. ಅಲರ್ಟ್ ಹಸಿರಾಗಿದ್ರೂ ಬೇಡ.

ಘಟ್ಟದ ರಸ್ತೆ, ರೈಲು ಹೇಗಿರ್ತದೆ?

ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪ, ಯಾವುದಕ್ಕೂ ಜುಲೈಯಲ್ಲಿ ಗ್ಯಾರಂಟಿ ಕೊಡೋಕೆ ಆಗಲ್ಲ, ಹೊರಡೋ ಮುಂಚೆ ಮೇಲಿನ ಊರಲ್ಲೂ ಕೆಳಗಿನ ಊರಲ್ಲೂ ಒಬ್ಬೊಬ್ರನ್ನ ಕೇಳಿ. ಕೊಂಕಣ ರೈಲ್ವೆಗೆ ಮಳೆಗಾಲದ ಟೈಮ್‌ಟೇಬಲ್ಲೇ ಬೇರೆ, ಜೂನ್ ಮಧ್ಯದಿಂದ ಅಕ್ಟೋಬರ್ ತನಕ ಗಾಡಿ ನಿಧಾನ. ಹಳೇ ಟೈಮ್ ನೋಡ್ಕೊಂಡು ಸ್ಟೇಷನ್ನಿಗೆ ಹೋಗಿ ನಂಗೆ ಬೈಬೇಡಿ. ಕಾರವಾರದ ಕಾಳಿ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ಎಲ್ರಿಗೂ ನೆನಪಿರಬಹುದು.

ಅಡಿಕೆಗೆ ಮದ್ದು ಹೊಡೆಯೋದಕ್ಕೆ ಮುನ್ಸೂಚನೆ ಹೇಗೆ ನೋಡೋದು?

ಕೊಳೆ ರೋಗಕ್ಕೆ ಬೋರ್ಡೋ ಮದ್ದು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಅದು ಎಲ್ರಿಗೂ ಬಾಯಿಪಾಠ. ಮೊದಲ ಸಲ ಮಳೆ ಹಿಡಿಯೋ ಮುಂಚೆ, ಎರಡನೇದು 40-45 ದಿನಕ್ಕೆ. ಗಲಾಟೆ ಇರೋದು ಎರಡನೇದ್ರಲ್ಲಿ, ಯಾಕಂದ್ರೆ ಅದು ಸರಿಯಾಗಿ ಜುಲೈ ನಡುವಿಗೆ ಬರ್ತದೆ. ನಾನು ನೋಡೋದು ಐದು ದಿನದ ಮುನ್ಸೂಚನೆ, ಅದರಲ್ಲಿ ದ್ರೋಣಿ ದುರ್ಬಲ ಆಯ್ತು ಅಂತ ಬಂದ್ರೆ ಅವತ್ತೇ ಕೊನೆಗೌಡನಿಗೆ (ಅಡಿಕೆ ಮರ ಹತ್ತಿ ಮದ್ದು ಹೊಡೆಯೋವ) ಫೋನ್. ನಿಮಗೆ ಹೊಳವು ಕಂಡ ದಿನವೇ ಸೀಮೆಗೆಲ್ಲ ಹೊಳವು ಕಂಡಿರ್ತದೆ, ಆಮೇಲೆ ಅವ ಸಿಗೋದಿಲ್ಲ. ಮದ್ದು ಗೊನೆ ಮೇಲೆ ಒಣಗೋಕೆ ಕೆಲವು ತಾಸಾದ್ರೂ ಬೇಕು. ಮುನ್ಸೂಚನೆ ನೂರಕ್ಕೆ ನೂರು ಆಗ್ಲಿ ಅಂತ ಕಾದ್ರೆ ಕೊಳೆ ಬಂದು ಕೂತಿರ್ತದೆ. ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟೋರಿಗೆ ಈ ತಲೆಬಿಸಿ ಇಲ್ಲ, ಆದ್ರೆ ಕಟ್ಟೋ ಜನ ಎಲ್ಲಿದಾರೆ?

ಗಾಳಿ ಇಲ್ಲ, ಮಳೆ ಇಲ್ಲ, ಆದ್ರೂ ಕಡಲಿಗೆ ಇಳೀಬೇಡಿ ಅಂತಾರಲ್ಲ?

ಕೇಳಿ ಅದನ್ನ. ದೂರದ ದಕ್ಷಿಣದ ಸಮುದ್ರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿ ಸದ್ದಿಲ್ಲದೆ ಏರ್ತದೆ, ಕೇರಳದವ್ರು ಕಳ್ಳಕ್ಕಡಲು ಅಂತಾರೆ, ಸರಿಯಾದ ಹೆಸರು. ಇದನ್ನ ಹೇಳೋದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ, ಅಲೆಯ ಎತ್ತರ ಎಷ್ಟು ಮೀಟರ್ ಅಂತ ಕೊಡ್ತಾರೆ. ಯಾಂತ್ರಿಕ ಬೋಟಿಗೆ ಹೇಗೂ ಜೂನ್ 1ರಿಂದ ಜುಲೈ 31, 61 ದಿನ ನಿಷೇಧ. ನಾಡದೋಣಿಯವ್ರು ಇಳೀತಾರೆ, ಅವರೇ ಇದನ್ನ ದಿನಾ ನೋಡ್ಬೇಕಾದವ್ರು. ಪ್ರವಾಸಿಗರಿಗೆ ಒಂದೇ ಮಾತು, ಮೀನುಗಾರರೇ ದಂಡೇಲಿ ಕೂತು ಬಲೆ ಹೊಲೀತಾ ಇದ್ರೆ ನೀವು ಮೊಣಕಾಲ ತನಕವೂ ಇಳೀಬೇಡಿ. ಜಲಪಾತಕ್ಕೂ ಅಷ್ಟೇ, ಮಾಗೋಡು, ಸಾತೊಡ್ಡಿ ನೋಡೋಕೆ ಸೆಪ್ಟೆಂಬರ್ ಕೊನೆಗೆ ಬನ್ನಿ. ಜುಲೈಯಲ್ಲಿ ಬಂದ್ರೆ ಮಂಜು ಮಾತ್ರ ಕಾಣೋದು, ನೀರಿನ ಸದ್ದು ಫ್ರೀ.

ಯಾವ ಆ್ಯಪ್ ಒಳ್ಳೇದು?

ಫೋನ್ ಜೊತೆ ಬರೋ ಮೋಡದ ಚಿತ್ರ ನಂಬಬೇಡಿ, ಅದಕ್ಕೆ ದೇವಿಮನೆ ಘಟ್ಟ ಮತ್ತೆ ಕುಮಟಾ ಬಂದರು ಎರಡೂ ಒಂದೇ ಚೌಕದೊಳಗೆ. ಜಿಲ್ಲೆ ಮಟ್ಟಕ್ಕೆ ಹವಾಮಾನ ಇಲಾಖೆಯ ಮೌಸಮ್, ಕೃಷಿಗೆ ಮೇಘದೂತ, ಸಿಡಿಲಿಗೆ ದಾಮಿನಿ. ನಿನ್ನೆ ಯಾವ ಪಂಚಾಯ್ತಿಯಲ್ಲಿ ಎಷ್ಟು ಬಿತ್ತು ಅನ್ನೋದಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದ್ರೆ ಕೆಎಸ್‌ಎನ್‌ಡಿಎಂಸಿ ಲೆಕ್ಕ, ಗ್ರಾಮ ಪಂಚಾಯ್ತಿ ಮಟ್ಟದ ಮಾಪಕಗಳು ಅವರದ್ದು. ಈಗ ಮೋಡ ಎಲ್ಲಿದೆ ನೋಡೋಕೆ ಗೋವಾದ ರಾಡಾರ್ ಚಿತ್ರ. ಕಾರವಾರಕ್ಕೆ ಅದು ಚೆನ್ನಾಗಿ ಕಾಣ್ತದೆ, ದೂರ ಆದ ಹಾಗೆ ಕೆಳಗಿನ ಮೋಡ ತಪ್ಪಿ ಹೋಗ್ತದೆ. ಅಷ್ಟೆಲ್ಲ ಬೇಡ ಅನ್ನೋರು ಘಟ್ಟದ ಮೇಲೆ ಒಬ್ಬ ಭಾವನ್ನ ಇಟ್ಕೊಳ್ಳಿ.

ನಾಳೆ ಶಾಲೆಗೆ ರಜೆ ಉಂಟಾ?

ಡಿಸಿ ಹೇಳಿದ್ರೆ ಉಂಟು. ಹೋದ ವರ್ಷದ ಆದೇಶದ ಫೋಟೋ ಈ ವರ್ಷ ಫಾರ್ವರ್ಡ್ ಮಾಡ್ಬೇಡಿ ಮಾರಾಯ್ರೆ, ತಾರೀಕು ಓದಿ, ತಾಲೂಕಿನ ಹೆಸರು ಓದಿ. ನಮ್ಮನೆ ಹುಡ್ಗ ರಜೆ ಅಂತ ಗೊತ್ತಾದ ಕೂಡ್ಲೆ ಮಳೆ ನಿಲ್ತದೆ ಅಂತ ಒಂದು ಸಿದ್ಧಾಂತ ಮಾಡಿದಾನೆ, ನನ್ನ ಡೈರೀಲಿ ಅದಕ್ಕೆ ವಿರುದ್ಧ ಸಾಕ್ಷಿ ಕಮ್ಮಿ.

ಎಲ್ ನಿನೋ ಬಂದ್ರೆ ನಮಗೂ ಬರಗಾಲನಾ?

ಎಲ್ ನಿನೋ ಅಂದ್ರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗೋದು. 2023ರಲ್ಲಿ ಅದು ಇತ್ತು, ದೇಶದ ಮುಂಗಾರು ವಾಡಿಕೆಯ 94 ಪರ್ಸೆಂಟ್, ಅದು ಹೋದ ಮೇಲೆ 2024ರಲ್ಲಿ 108. ನಮ್ಮ ಕರಾವಳಿಗೆ ಕಾಲು ಭಾಗ ಕಮ್ಮಿ ಬಿದ್ರೂ ಅದು ಬಯಲುಸೀಮೆಗೆ ಮೂರು ವರ್ಷದ ಮಳೆ, ಆದ್ರೂ ಏಪ್ರಿಲ್ಲಲ್ಲಿ ಬಾವಿ ತಳ ಕಾಣ್ತದೆ. ಬಿದ್ದದ್ದು ನಿಲ್ಲದೆ ಕಡಲಿಗೆ ಓಡ್ತದಲ್ಲ.

ಫೆಬ್ರವರಿಯಲ್ಲಿ ಕಾರವಾರ ಯಾಕೆ ಕಲಬುರಗಿಗಿಂತ ಬಿಸಿ?

ಮೂಡಣ ಗಾಳಿ ಘಟ್ಟ ಇಳಿಯೋವಾಗ ಒಣಗಿ ಕಾದು ಬರ್ತದೆ, ಅದು ಜೋರಿದ್ದ ದಿನ ಕಡಲ ಗಾಳಿ ಮಧ್ಯಾಹ್ನದ ತನಕ ಒಳಗೇ ಬರೋದಿಲ್ಲ. ಬಯಲಿಗೆ ಬಿಸಿಗಾಳಿ ಅಂತ ಹೇಳೋಕೆ 40 ಡಿಗ್ರಿ ಆಗ್ಬೇಕು, ಕರಾವಳಿಗೆ 37 ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಮೇಲಿರ್ಬೇಕು. ಅದೇ ದಿನ ಬೆಳಿಗ್ಗೆ ಯಲ್ಲಾಪುರದವ ಸ್ವೆಟರ್ ಹಾಕಿರ್ತಾನೆ.

ಮಳೆ ಹೋಯ್ತು ಅಂತ ಯಾವಾಗ ಹೇಳ್ಬಹುದು?

ವಾಡಿಕೆ ಅಕ್ಟೋಬರ್ ಮಧ್ಯ. ಆದ್ರೆ ಮೇಲೆ ಹೇಳಿದ ಕಡವಾಡ ಅಕ್ಟೋಬರದ್ದೇ, 2019ರ ಕ್ಯಾರ್ ಚಂಡಮಾರುತವೂ ಅಕ್ಟೋಬರ್ ಕೊನೆಯದ್ದೇ, ಅರಬ್ಬೀ ಸಮುದ್ರಕ್ಕೆ ಚಂಡಮಾರುತದ ಸೀಸನ್ ಅಂದ್ರೆ ಮುಂಗಾರಿನ ಮುಂಚೆ ಮತ್ತೆ ನಂತರ. ಸಂಜೆ ಗುಡುಗು ಮತ್ತೆ ಶುರುವಾಗ್ತದೆ, ಗದ್ದೇಲಿ ಭತ್ತ ಬಗ್ಗಿ ನಿಂತಿರ್ತದೆ, ಕೊಯ್ಲೋ ಬೇಡ್ವೋ ಅಂತ ದಿನಾ ಹತ್ತು ಸಲ ಆಕಾಶ ನೋಡೋದು. ಇಲಾಖೆ ಮುಂಗಾರು ಹಿಂದೆ ಹೋಯ್ತು ಅಂತ ಘೋಷಣೆ ಮಾಡಿದ್ಮೇಲೂ ಅಮ್ಮ ಅಂಗಳಕ್ಕೆ ಸಗಣಿ ಸಾರ್ಸೋಕೆ ಒಪ್ಪೋದಿಲ್ಲ. ಬೆಳಿಗ್ಗೆ ಜೇಡನ ಬಲೆ ಮೇಲೆ ಇಬ್ಬನಿ ಕಾಣ್ಬೇಕು, ಸತತ ಮೂರು ದಿನ. ಹೋದ ವರ್ಷ ಎರಡೇ ದಿನಕ್ಕೆ ನಾನು ಅವಸರ ಮಾಡಿ ಸಾರ್ಸಿದೆ, ಮೂರನೇ ಸಂಜೆ 41 ಮಿಮೀ.